ಒಗ್ಗರಣೆ ಹಾಕಿ ಪರಂಪರೆ ಉಳಿಸಿದ್ದು

ಊರಿನ ಚಾವಡಿಗೆ ಹೊರದೇಶದ ಹಣದಲ್ಲಿ ಸೂರು ಹಾಕಿಸುವುದು ನನ್ನಂಥವನಿಗೆ ಎಡಗೈ ಕೆಲಸ ಎಂದು ನಾನು ಹೇಳಿದ್ದು ನಿಜ. ಅದೂ ಎಲ್ಲಿ? ತುಂಬಿದ ಸಭೆಯಲ್ಲಿ! ಎದ್ದು ನಿಂತು! ಅಂಗಿ ತೋಳು ಮಡಚಿಕೊಂಡು!

ಸೋಮವಾರಪೇಟೆಯಿಂದ ಇನ್ನೂ ಮೇಲೆ, ಬೆಟ್ಟದ ಬುಡದಲ್ಲಿರುವ ಮಾಕನಳ್ಳಿ ನಮ್ಮದು. ಅದರ ಹಿಂದಿನ ಮಳೆಗಾಲದಲ್ಲಿ ಚಾವಡಿಯ ಮೇಲೆ ಹಲಸಿನ ಮರ ಬಿದ್ದು ಹೆಂಚೆಲ್ಲ ಪುಡಿಯಾಗಿತ್ತು. ಚಾವಡಿ ಎಂದರೆ ಹರಟೆ ಹೊಡೆಯುವ ಕಟ್ಟೆ ಎಂದುಕೊಳ್ಳಬೇಡಿ. ಸುಗ್ಗಿ ದೇವರ ಪೆಟ್ಟಿಗೆ, ಕುಣಿತದ ದುಡಿ, ಅಜ್ಜಂದಿರ ಕಾಲದ ಕಂಚಿನ ಗಂಟೆ ಎಲ್ಲ ಇರುವುದು ಅದರೊಳಗೇ. ಸದ್ಯಕ್ಕೆ ಟಾರ್ಪಾಲು ಹೊದಿಸಿದ್ದರು. ಇನ್ನೊಂದು ಮಳೆಗಾಲ ನೆನೆದರೆ ದುಡಿಯೂ ಇಲ್ಲ, ಪೆಟ್ಟಿಗೆಯೂ ಇಲ್ಲ. ಅದಕ್ಕೇ ಮನೆಗೊಂದು ಮೂಟೆ ಕಾಫಿ ಕೊಟ್ಟು ಸೂರು ಮಾಡಿಸೋಣ ಎಂದು ಊರಿನವರು ತೀರ್ಮಾನಿಸುವುದರಲ್ಲಿದ್ದರು. ಆಗ ಎದ್ದೆ ನೋಡಿ ನಾನು!

"ಒಂದು ಕಾಳು ಕಾಫೀನೂ ಯಾರೂ ಕೊಡಬ್ಯಾಡಿ. ಮಳೆಗೆ ಮುಂಚೆ ಚಾವಡಿ ಮೇಲೆ ಸೂರು ಇರುತ್ತೆ. ಅದು ನನ್ನ ಜವಾಬ್ದಾರಿ!"

"ಎಲ್ಲಿಂದ ತತ್ತೀಯಾ?" ಎಂದರು ಪುಟ್ಟೇಗೌಡ ದೊಡ್ಡಪ್ಪ. ಊರಿಗೇ ಹಿರಿಯರು ಅವರು. ಅವರ ಮಾತಿಗೆ ನಮ್ಮಲ್ಲಿ ಎರಡನೇ ಮಾತಿಲ್ಲ.

"ಫಾರಿನ್ನಿಂದ!"

ನನ್ನ ಎದೆ ಎರಡಂಗುಲ ಉಬ್ಬಿತು.

ನಾನೇನೂ ಗಾಳಿಯಲ್ಲಿ ಗುಂಡು ಹಾರಿಸಿರಲಿಲ್ಲ. ಕುಶಾಲನಗರದ ಕಾಫಿ ವ್ಯಾಪಾರಿಯ ಅಂಗಡಿಯಲ್ಲಿ ಕೂತಿದ್ದಾಗ ಪೇಪರಿನಲ್ಲಿ ಓದಿದ್ದೆ. ಯಾವುದೋ ತಂಪು ದೇಶದ ರಾಯಭಾರ ಕಚೇರಿ, ನಮ್ಮಂಥ ಅಭಿವೃದ್ಧಿಶೀಲ ದೇಶಗಳ ಸಾಂಸ್ಕೃತಿಕ ಪರಂಪರೆ ಉಳಿಸಲು ಅನುದಾನ ಕೊಡುತ್ತದಂತೆ! ಎಂಥ ದೊಡ್ಡ ಮನಸ್ಸು! ಅರ್ಜಿ ಬರೆದರೆ ಸಾಕಂತೆ. ಬರೆಯುವುದಕ್ಕೆ ನನಗಿಂತ ಯಾರು ಬೇಕು? ಎಸ್ಟೇಟಿನಲ್ಲಿ ರೈಟರ್ ಆಗಿ ಕೂದಲು ಬೆಳ್ಳಗೆ ಮಾಡಿಕೊಂಡವನು ನಾನು. ಬರೆದದ್ದೆಲ್ಲ ಕಾಫಿ ಹಣ್ಣು ಕೊಯ್ದವರ ಪಿಕಿಂಗ್ ಲೆಕ್ಕ ಎನ್ನುವುದು ಬೇರೆ ಮಾತು.

ಮನೆಗೆ ಬಂದು ಹೆಂಡತಿ ಗಿರಿಜಳಿಗೆ ವಿಷಯ ತಿಳಿಸಿದೆ. ಅವಳು ಮೊರದಲ್ಲಿ ಅಕ್ಕಿ ಕೇರುತ್ತಿದ್ದವಳು ತಲೆ ಎತ್ತಲಿಲ್ಲ.

"ಬಚ್ಚಲ ನಲ್ಲಿ ಸೋರೋದು ನಿಲ್ಸಕ್ಕೆ ಆಗ್ನಿಲ್ಲ ನಿಮ್ ಕೈಲಿ. ಫಾರಿನ್ನಿಂದ ಸೂರು ತರ್ತಾರಂತೆ, ಸೂರು!"

"ನಿನಗೆ ದೂರದೃಷ್ಟಿ ಇಲ್ಲ ಗಿರಿಜಾ."

"ಅದೆಲ್ಲ ನಿಮ್ಗೇ ಇರ್ಲಿ. ಊರೋರು ಅವ್ರ ಪಾಡಿಗೆ ಮಾಡ್ಕೋತಿದ್ರಲ್ಲ, ಯಾಕ್ರೀ ಮಧ್ಯ ಬಾಯಿ ಹಾಕಿದ್ರಿ?"

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಆ ವರ್ಷವಷ್ಟೇ ಮನೆ ಪಕ್ಕ ಕಾರಿಗೊಂದು ಶೆಡ್ಡು ಕಟ್ಟಿಸಿದ್ದೆ. ಕಾರು ಮುದುಕ, ಶೆಡ್ಡು ಮದುಮಗ! ಕೆಂಪಗೆ ಹೊಳೆಯುವ ಮಂಗಳೂರು ಹೆಂಚು. ಮನೆಗೆ ಬಂದವರಿಗೆ ಕಾಫಿ ಕೊಡುವುದು ತಡವಾದರೂ ಶೆಡ್ಡು ತೋರಿಸುವುದು ತಡವಾಗುತ್ತಿರಲಿಲ್ಲ. "ಇದನ್ನ ನಾನೇ ನಿಂತು ಮಾಡಿಸಿದ್ದು" ಎಂದು ದೊಡ್ಡಪ್ಪನಿಗೂ ತೋರಿಸಿದ್ದೆ. ಅವರು ಹೆಂಚುಗಳನ್ನೇ ಬಹಳ ಹೊತ್ತು ನೋಡಿ, "ಚೆನ್ನಾಗವೆ" ಎಂದಿದ್ದರು.

ಅರ್ಜಿ ಹೋಯಿತು. ಉತ್ತರವೂ ಬಂತು. ಬರೀ ಸೂರಿಗೆ ಅವರು ಹಣ ಕೊಡುವುದಿಲ್ಲವಂತೆ. ಅಳಿವಿನಂಚಿನಲ್ಲಿರುವ ಆಚರಣೆ ಏನಾದರೂ ಇದ್ದರೆ ಅದಕ್ಕೆ ಕೊಡುತ್ತಾರಂತೆ. ಆ ಆಚರಣೆಗೆ ಬೇಕಾದ ಕಟ್ಟಡಕ್ಕೂ ಕೊಡುತ್ತಾರಂತೆ. ಅಳಿವಿನಂಚು ತಾನೇ? ಅಂಚಿಗೆ ತಂದು ನಿಲ್ಲಿಸೋಣ!

ನಾನು ಆರಿಸಿಕೊಂಡದ್ದು ನಮ್ಮ ಸುಗ್ಗಿಯ 'ಕಟ್ಟು'. ಸುಗ್ಗಿ ಹಬ್ಬ ಹತ್ತಿರ ಬಂದಾಗ ದೊಡ್ಡಪ್ಪ ಚಾವಡಿಯಲ್ಲಿ ನಿಂತು ಊರಿಗೆ ಕೇಳುವಂತೆ ಕೂಗಿ ಸಾರುತ್ತಾರೆ. ಅಲ್ಲಿಗೆ ಕಟ್ಟು ಬಿತ್ತು. ಹಬ್ಬ ಮುಗಿಯುವ ತನಕ ಊರೊಳಗೆ ಯಾರೂ ಚಪ್ಪಲಿ ಮೆಟ್ಟುವಂತಿಲ್ಲ, ಗಾಡಿ ಓಡಿಸುವಂತಿಲ್ಲ, ನೆಲ ಅಗೆಯುವಂತಿಲ್ಲ, ಗಿಡದಿಂದ ಹಸಿರೆಲೆ ಕೀಳುವಂತಿಲ್ಲ. ಎಲ್ಲಕ್ಕಿಂತ ಕಠಿಣವಾದದ್ದು, ಒಗ್ಗರಣೆ ಹಾಕುವಂತಿಲ್ಲ! ಬೇಯಿಸಿ, ಉಪ್ಪು ಹುಳಿ ಹಾಕಿ, ಸುಮ್ಮನೆ ಉಣ್ಣಬೇಕು. ಸಾಸಿವೆ ಸಿಡಿದ ಸದ್ದಿಗೆ ದೇವರು ಬೆಚ್ಚಿ ಎದ್ದು ಹೋಗುತ್ತಾನೆ ಎಂದು ನಮ್ಮಜ್ಜಿ ಹೇಳುತ್ತಿದ್ದರು.

ಕೂತು ಬರೆದೆ ನೋಡಿ! "ಈ ಪವಿತ್ರ ಪದ್ಧತಿ ಕೊನೆಯುಸಿರೆಳೆಯುತ್ತಿದೆ. ಯುವಕರು ಬೂಟುಗಾಲಿನಲ್ಲಿ ಮೆರೆಯುತ್ತಿದ್ದಾರೆ. ಮನೆಮನೆಯಲ್ಲೂ ಸಾಸಿವೆ ಸಿಡಿಯುತ್ತಿದೆ. ಬರಿಗಾಲಿನಲ್ಲಿ ಉಳಿದಿರುವವನು ನಾನೊಬ್ಬನೇ. ನಾನು ಇದರ ಕೊನೆಯ ಕಾವಲುಗಾರ!" ಓದಿಕೊಂಡಾಗ ನನಗೇ ಬಿಕ್ಕಿ ಬಿಕ್ಕಿ ಅಳು ಬಂತು.

ಗಿರಿಜ ಗಾಬರಿಯಿಂದ ಓಡಿ ಬಂದಳು. "ಯಾರ್ರೀ ಹೋಗ್ಬಿಟ್ರು?"

ಅರ್ಜಿಯಲ್ಲಿ ಒಂದೇ ಒಂದು ಸಣ್ಣ ತೊಡಕಿತ್ತು. ಅದರಲ್ಲಿ ಒಂದಕ್ಷರವೂ ನಿಜವಾಗಿರಲಿಲ್ಲ. ನಮ್ಮೂರಲ್ಲಿ ಕಟ್ಟು ಬಿದ್ದರೆ ಕಾಗೆಯೂ ಸದ್ದು ಮಾಡದೆ ಹಾರುತ್ತದೆ. ಆದರೆ ಅದಕ್ಕೂ ನನ್ನ ಹತ್ತಿರ ಉಪಾಯವಿತ್ತು. ಪರಿಶೀಲನೆಗೆ ಬರುವವರನ್ನು ಸುಗ್ಗಿಗೆ ಬಹಳ ಮುಂಚೆಯೇ ಕರೆಸುವುದು. ಆಗ ಎಲ್ಲರೂ ಚಪ್ಪಲಿ ಮೆಟ್ಟಿರುತ್ತಾರೆ, ಎಲ್ಲರ ಮನೆಯಲ್ಲೂ ಒಗ್ಗರಣೆ ಘಮಘಮ ಎನ್ನುತ್ತಿರುತ್ತದೆ. "ನೋಡಿ ಮೇಡಂ, ನನ್ನ ಹೃದಯ ಒಡೆದು ಹೋಗಿದೆ" ಎಂದರಾಯಿತು!

ಬರಬೇಕಾಗಿದ್ದದ್ದು ಇಂಗ್ರಿಡ್ ಮೇಡಂ ಎಂಬುವರು. ಅವರ ಜತೆಗೆ ಮಾತು ತಿಳಿಸಲು ಮೈಸೂರಿನ ಶಾಲಿನಿ ಎಂಬ ಹುಡುಗಿ. ದಿನವೂ ಗೊತ್ತಾಯಿತು. ಅಷ್ಟರಲ್ಲಿ ಮೇಡಂಗೆ ನಮ್ಮ ದೇಶದ ನೆಗಡಿ ಹಿಡಿಯಿತು. ಪ್ರಯಾಣ ಮುಂದಕ್ಕೆ ಹೋಯಿತು. ಯಾವಾಗಕ್ಕೆ? ಕಟ್ಟು ಬೀಳುವ ವಾರಕ್ಕೆ ಸರಿಯಾಗಿ!

ಫೋನು ಹಚ್ಚಿ ಶಾಲಿನಿಯನ್ನು ಬೇಡಿಕೊಂಡೆ. "ಇನ್ನೂ ಸ್ವಲ್ಪ ಮುಂದಕ್ಕೆ ಹಾಕಿ ತಾಯಿ, ಇಲ್ಲಿ ಬಿಸಿಲು ಜಾಸ್ತಿ."

"ಇಲ್ಲ ಸರ್, ಇದು ತಪ್ಪಿದ್ರೆ ಮುಂದಿನ ವರ್ಷಾನೇ. ಕೊನೆಯ ಕಾವಲುಗಾರರನ್ನ ನೋಡ್ಬೇಕು ಅಂತ ಮೇಡಂ ಒಂದೇ ಸಮನೆ ಹೇಳ್ತಿದಾರೆ!"

ಮುಂದಿನ ವರ್ಷ! ಅಷ್ಟರಲ್ಲಿ ಮಳೆಗಾಲ ಬಂದು ಹೋಗಿರುತ್ತದೆ. ದೇವರ ಪೆಟ್ಟಿಗೆಗೆ ಗೆದ್ದಲು ಹತ್ತಿರುತ್ತದೆ. ಊರವರ ಕಾಫಿ ಬೇಡವೆಂದವನು ನಾನು. ನನ್ನ ಮುಖಕ್ಕೆ ಯಾರಾದರೂ ಮಂಗಳಾರತಿ ಎತ್ತದೆ ಬಿಡುತ್ತಾರೆಯೇ? ಸೀದಾ ದೊಡ್ಡಪ್ಪನ ಮನೆಗೆ ಓಡಿದೆ.

"ದೊಡ್ಡಪ್ಪ, ಈ ಸಲ ಕಟ್ಟು ಒಂದು ವಾರ ಮುಂದಕ್ಕೆ ಹಾಕಿದ್ರೆ ಹ್ಯಾಗೆ?"

ದೊಡ್ಡಪ್ಪ ಬಾಯಲ್ಲಿದ್ದ ಎಲೆಯಡಿಕೆಯನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ದಾಟಿಸಿದರು. "ನಿನ್ ಮದ್ವೆ ಮುಂದಕ್ಕೆ ಹಾಕ್ಬೇಕಿತ್ತು ಕಣ್ಲಾ ಜಯ. ಆ ಗಿರಿಜ ಬಚಾವಾಗ್ತಿದ್ಲು."

ಮಾರನೆಯ ದಿನವೇ ಕಟ್ಟು ಬಿತ್ತು. ಊರಿಗೆ ಊರೇ ಬರಿಗಾಲಾಯಿತು. ಇನ್ನು ಉಳಿದದ್ದು ಒಂದೇ ದಾರಿ. ಆಚರಣೆ ಸತ್ತಿದೆ ಎಂದು ತೋರಿಸಬೇಕಾದರೆ ಯಾರಾದರೂ ಅದನ್ನು ಮುರಿಯಬೇಕು. ಪರಂಪರೆ ಉಳಿಸಲು ಹೊರಟ ನಾನು, ಪರಂಪರೆ ಮುರಿಯುವವರನ್ನು ಹುಡುಕಿಕೊಂಡು ಮನೆಮನೆ ಅಲೆಯತೊಡಗಿದೆ!

ಮೊದಲು ಗಿರಿಜ. "ಒಂದೇ ಒಂದು ಒಗ್ಗರಣೆ ಕಣೇ. ಸಣ್ಣದು. ನಾಲ್ಕು ಕಾಳು ಸಾಸಿವೆ."

"ಥೂ, ಬಿಡ್ತು ಅನ್ನಿ! ತಲೆ ಕೆಟ್ಟಿದ್ಯಾ ನಿಮ್ಗೆ?"

ಆಮೇಲೆ ಮೊಯ್ದುಕ್ಕ. ಕುಟ್ಟದ ಕಡೆಯಿಂದ ಬಂದು ನಮ್ಮೂರಲ್ಲಿ ಚಹಾದಂಗಡಿ ಇಟ್ಟವರು. ಮಲಯಾಳ ಮಾತಾಡುವ, ಅಣ್ಣನಿಗೆ 'ಇಕ್ಕ' ಎನ್ನುವ ಜನ, ನಮ್ಮ ಸುಗ್ಗಿಗೂ ಅವರಿಗೂ ಏನು ಸಂಬಂಧ, ಅಲ್ಲಿ ಕೆಲಸ ಆಗೇ ಆಗುತ್ತದೆ ಎಂದುಕೊಂಡೆ. ಹೋಗಿ ನೋಡಿದರೆ ವಡೆ ಕರಿಯುವ ಬಾಂಡಲಿ ತೊಳೆದು ಬೋರಲು ಹಾಕಿದ್ದರು!

"ಇಕ್ಕಾ, ನಾಳೆ ಒಂದು ಒಬ್ಬೆ ವಡೆ ಹಾಕಿ. ಎಲ್ಲ ನಾನೇ ತಗೋತೀನಿ."

"ಅಯ್ಯೋ ಪಡಚೋನೇ! ಎಂಥ ಮಾತು ಹೇಳೋದು ಜಯಣ್ಣ? ಈ ಊರಿಗೆ ಬಂದ ವರ್ಷದಿಂದ ಸುಗ್ಗೀಲಿ ನಾನು ಎಣ್ಣೆ ಕಾಯ್ಸಿದ್ದಿಲ್ಲ. ನಿಮ್ಮ ಊರಿನ ಕಟ್ಟು ಅಲ್ಲ, ನಮ್ಮ ಊರಿನ ಕಟ್ಟು ಇದು. ಸುಮ್ಮನೆ ಕೂತು ಕಟ್ಟನ್ ಚಾಯ ಕುಡೀರಿ."

ಕುಡಿದೆ. ಹಾಲಿಲ್ಲದಿದ್ದರೂ ಒಳ್ಳೆಯ ಚಹಾ. ಏನು ಪ್ರಯೋಜನ?

ಕೊನೆಯ ಆಸೆ ಊರಿನ ಪಡ್ಡೆ ಹುಡುಗರು. ಅವರ ನಾಯಕ ಲೋಕೇಶ, ಕಿವಿಗೆ ಒಂಟಿ, ಕೈಯಲ್ಲಿ ಮೂರು ಹೊತ್ತೂ ಮೊಬೈಲು, ಬುರ್ ಎಂದರೆ ಬೆಟ್ಟ ನಡುಗುವಂಥ ಬೈಕು. ಅವನ ಬೈಕು ಎಲ್ಲಿ ಎಂದು ನೋಡಿದರೆ ಊರ ಗಡಿಯ ಆಲದ ಮರದಾಚೆ, ಎಲ್ಲರ ಬೈಕುಗಳ ಸಾಲಿನಲ್ಲಿ ನಿಂತಿತ್ತು. ಅವನು ಬರಿಗಾಲಿನಲ್ಲಿ ಮುಳ್ಳು ನೋಡಿಕೊಂಡು ನಡೆಯುತ್ತಿದ್ದ.

"ಲೋಕೇಶಾ, ನಾಳೆ ಒಂದು ರೌಂಡು ಬೈಕು ಹೊಡಿಯೋ. ಊರಿಗೋಸ್ಕರ!"

"ಏನಣ್ಣ ನೀನು! ದೊಡ್ಡೋನಾಗಿ ಹಿಂಗಾ ಹೇಳೋದು? ದುಡಿ ಮುಟ್ಟೋ ಕೈ ಇದು."

ನನಗೆ ಅಳುವೂ ಬಂತು, ಸಿಟ್ಟೂ ಬಂತು. ಇಡೀ ದೇಶದಲ್ಲಿ ಹುಡುಗರು ಕೆಟ್ಟು ಹೋಗಿದ್ದಾರೆ ಎಂದು ಎಲ್ಲರೂ ಗೋಳಾಡುತ್ತಾರೆ. ನನಗೆ ಬೇಕಾದ ದಿನ ಒಬ್ಬನಾದರೂ ಕೆಟ್ಟಿರಬಾರದೇ!

ಸರಿ, ಕಾವಲುಗಾರನೇ ಕಳ್ಳನಾಗಬೇಕು ಎಂದು ತೀರ್ಮಾನಿಸಿದೆ. ಸೋಮವಾರಪೇಟೆಯಲ್ಲಿ ಬರೆಸಿ ತಂದಿದ್ದ ಬೋರ್ಡೊಂದಿತ್ತು. "ಅಳಿವಿನಂಚಿನ ಆಚರಣೆಗೆ ಹೊರದೇಶದ ಆಸರೆ. ಪ್ರಯತ್ನ: ಶ್ರೀ ಜಯಣ್ಣ, ನಿವೃತ್ತ ರೈಟರ್." ಅದನ್ನು ಗೇಟಿನ ಪಕ್ಕ ಗುಂಡಿ ತೋಡಿ ನೆಟ್ಟೆ. ನೆಲ ಅಗೆದದ್ದಾಯಿತು! ಅಂಗಳದ ಮಣ್ಣಿನಲ್ಲಿ ಬೂಟಿನ ಗುರುತು ಬೀಳಲಿ ಎಂದು ಎಸ್ಟೇಟಿನ ಕಾಲದ ಗಂಬೂಟು ಹುಡುಕಿ ಮೆಟ್ಟಿಕೊಂಡೆ. ಕಾಲಿಗೂ ಆಯಿತು! ಇನ್ನು ಉಳಿದದ್ದು ಒಗ್ಗರಣೆ. ಗಿರಿಜ ಬೆಳಿಗ್ಗೆಯೇ ಹೆಂಗಸರ ಜತೆ ಚಾವಡಿ ಸಾರಿಸಲು ಹೋಗಿದ್ದಳು. ಮನೆ ನನ್ನದೇ, ಒಲೆ ನನ್ನದೇ.

ನನ್ನ ಲೆಕ್ಕ ಸರಳವಾಗಿತ್ತು. ಮೇಡಂ ಬರುವ ಹೊತ್ತಿಗೆ ಹಿತ್ತಲಿನಲ್ಲಿ ಒಂದು ಒಗ್ಗರಣೆ. ವಾಸನೆ ಗಾಳಿಯಲ್ಲಿ ತೇಲಿ ಬರುತ್ತದೆ. ಅಷ್ಟರಲ್ಲಿ ನಾನು ಬೂಟು ಕಳಚಿ, ಮುಂಬಾಗಿಲಿಗೆ ಬಂದು, "ಕೇಳಿದಿರಾ ಮೇಡಂ, ಯಾರ ಮನೆಯಲ್ಲೋ ಸಾಸಿವೆ!" ಎಂದು ಎದೆ ಬಡಿದುಕೊಳ್ಳುವುದು. ಇಂಥ ಯೋಜನೆ ಸಾಮಾನ್ಯರ ತಲೆಗೆ ಹೊಳೆಯುವುದಿಲ್ಲ.

ಹಿತ್ತಲಿನ ಒಲೆಗೆ ಬಾಂಡಲಿ ಇಟ್ಟೆ. ಎಷ್ಟು ಎಣ್ಣೆ ಹಾಕಬೇಕೆಂದು ಯಾರಿಗೆ ಗೊತ್ತು? ಧಾರಾಳವಾಗಿ ಸುರಿದೆ. ಸಾಸಿವೆ ಒಂದು ಹಿಡಿ. ಒಣಮೆಣಸಿನಕಾಯಿ ಮುರಿದು ಹಾಕಿದೆ. ಬೆಳ್ಳುಳ್ಳಿ ಜಜ್ಜಿದೆ. ಕೈ ತಾನಾಗಿ ಪಕ್ಕದ ಗಿಡಕ್ಕೆ ಹೋಗಿ ಕರಿಬೇವಿನ ಒಂದು ರೆಂಬೆಯನ್ನೇ ಕಿತ್ತು ತಂದಿತು. ಹಸಿರೆಲೆ ಕಿತ್ತದ್ದೂ ಆಯಿತು! ಎಲ್ಲವೂ ಒಟ್ಟಿಗೆ ಎಣ್ಣೆಗೆ ಬಿತ್ತು.

ಚಟಪಟಚಟಪಟ ಚುಂಯ್!

ದೀಪಾವಳಿಗೂ ಊರಲ್ಲಿ ಅಷ್ಟು ಪಟಾಕಿ ಸಿಡಿದಿರಲಿಲ್ಲ. ಹೊಗೆ ಎದ್ದಿತು. ಘಾಟು ಎದ್ದಿತು. ಒಗ್ಗರಣೆಯ ಘಮ ಎಂದರೇನು ಎಂಬುದು ನನಗೆ ಅಂದು ತಿಳಿಯಿತು. ದಿನಗಟ್ಟಲೆ ಸಪ್ಪೆ ಉಂಡಿದ್ದ ಊರಿನ ಮೂಗಿಗೆ ಅದು ಕೊಂಬು ಊದಿದ ಹಾಗೆ ತಲುಪಿತ್ತು. ಮೊದಲು ಬಂದದ್ದು ಪಕ್ಕದ ಮನೆಯ ನಾಯಿ. ಅದರ ಹಿಂದೆ ಅದರ ಯಜಮಾನ. ಅವನ ಹಿಂದೆ ಮೊಯ್ದುಕ್ಕ. ಆಮೇಲೆ ಸಗಣಿ ಕೈಯಲ್ಲೇ ಚಾವಡಿಯಿಂದ ಎದ್ದು ಬಂದ ಹೆಂಗಸರು, ಅವರ ಮುಂದೆ ಗಿರಿಜ. ಬೇಲಿಯಾಚೆ ಊರಿಗೆ ಊರೇ! ಎಲ್ಲರೂ ಉಸಿರು ಎಳೆದುಕೊಳ್ಳುತ್ತಿದ್ದರು.

"ಅಣ್ಣಾ," ಎಂದ ಲೋಕೇಶ, ತಡೆಯಲಾರದೆ, "ಬೆಳ್ಳುಳ್ಳಿ ಸ್ವಲ್ಪ ಸೀದೋಯ್ತು ಅನ್ಸುತ್ತೆ."

ಅದೇ ಹೊತ್ತಿಗೆ ಜನ ಇಬ್ಭಾಗವಾಗಿ ದಾರಿ ಬಿಟ್ಟರು. ದೊಡ್ಡಪ್ಪನ ಜತೆ ಇಂಗ್ರಿಡ್ ಮೇಡಂ! ಜೀಪನ್ನು ಹುಡುಗರು ಆಲದ ಮರದ ಬಳಿಯೇ ತಡೆದಿದ್ದರಂತೆ. ಬೂಟು ಬಿಚ್ಚಿಸಿದ್ದರಂತೆ. ಮೇಡಂ ಬೆಳ್ಳನೆಯ ಪಾದಗಳಿಗೆ ಕೆಮ್ಮಣ್ಣು ಮೆತ್ತಿಕೊಂಡು, ಮುಖವೆಲ್ಲ ನಗುವಾಗಿ, ಹಬ್ಬಕ್ಕೆ ಬಂದ ಮನೆಮಗಳ ಹಾಗೆ ನಡೆದು ಬಂದಿದ್ದರು. ಅಲ್ಲಿ ಬೂಟು ಹಾಕಿಕೊಂಡು ನಿಂತಿದ್ದವನು ನಾನೊಬ್ಬನೇ. ಕೈಯಲ್ಲಿ ಸೌಟು. ಮೀಸೆಗೆ ಸಾಸಿವೆ.

ಮೇಡಂ ಏನೋ ಕೇಳಿದರು. ಶಾಲಿನಿ ಬೋರ್ಡಿನ ಕಡೆ ನೋಡಿ, ನನ್ನ ಕಡೆ ನೋಡಿ, ತುಟಿ ಕಚ್ಚಿಕೊಂಡಳು.

"ಇವ್ರು ಯಾರು ಅಂತ ಕೇಳ್ತಿದಾರೆ ಸರ್. ಏನು ಹೇಳ್ಲಿ?"

ಗಿರಿಜ ನನ್ನ ಪರವಾಗಿ ಉತ್ತರಿಸಿದಳು. "ಹೇಳಮ್ಮ. ಕೊನೇ ಕಾವಲುಗಾರರು ಅಂತ ಹೇಳು."

ಶಾಲಿನಿ ಹೇಳಿದಳು. ಆ ಹುಡುಗಿ ತನ್ನ ಕೆಲಸವನ್ನು ಎಷ್ಟು ಶ್ರದ್ಧೆಯಿಂದ ಮಾಡುತ್ತಿದ್ದಳೆಂದರೆ ಒಂದು ಮಾತನ್ನೂ ಬಿಡಲಿಲ್ಲ. ನಾನು ಮೊಯ್ದುಕ್ಕನಿಗೆ ವಡೆ ಕೇಳಿದ್ದು, ಲೋಕೇಶನಿಗೆ ಬೈಕು ಹೊಡೆಯಲು ಹೇಳಿದ್ದು, ದೊಡ್ಡಪ್ಪನಿಗೆ ಕಟ್ಟು ಮುಂದೂಡಲು ಹೇಳಿದ್ದು, ಎಲ್ಲವನ್ನೂ ಊರಿನವರು ನಾಮುಂದು ತಾಮುಂದು ಎಂದು ಹೇಳಿದರು. ಎಲ್ಲವೂ ಇಂಗ್ಲಿಷಿಗೆ ಹೋಯಿತು. ಮೇಡಂ ಕಣ್ಣು ದೊಡ್ಡದಾಗುತ್ತಾ ಹೋಯಿತು.

ಕಟ್ಟು ಮುರಿದವನನ್ನು ಅಲ್ಲಿಂದಲ್ಲಿಗೇ ಚಾವಡಿಗೆ ಕರೆದೊಯ್ಯುವುದು ಪದ್ಧತಿ. ಕರೆದೊಯ್ದರು. ಟವೆಲನ್ನು ಸೊಂಟಕ್ಕೆ ಕಟ್ಟಿಕೊಂಡು, ಕೈ ಮುಗಿದು, ಟಾರ್ಪಾಲಿನ ಕೆಳಗೆ ನಿಂತೆ. ಊರಿನವರು ನೆಲದ ಮೇಲೆ ಕೂತರು. ಅವರ ಜತೆ ಮೇಡಂ ಕೂಡ ಚಕ್ಕಂಬಕ್ಕಳ ಹಾಕಿ ಕೂತರು!

"ನೆಲ ಅಗ್ದೆ?" ಎಂದರು ದೊಡ್ಡಪ್ಪ.

"ಅಗ್ದೆ."

"ಕಾಲಿಗೆ ಮೆಟ್ಟಿದೆ?"

"ಮೆಟ್ಟಿದೆ."

"ಹಸಿರು ಕಿತ್ತೆ? ಎಣ್ಣೆ ಕಾಯ್ಸಿದೆ?"

"ತಪ್ಪಾಯ್ತು ದೊಡ್ಡಪ್ಪ. ಸೂರಿಗೋಸ್ಕರ ಮಾಡ್ದೆ."

ದೊಡ್ಡಪ್ಪ ತಲೆದೂಗಿದರು. "ಒಂದು ಕಟ್ಟು ಮುರಿದೋರ್ನ ನೋಡಿದ್ದೆ. ಒಂದೇ ಬೆಳಿಗ್ಗೆ ಎಲ್ಲಾನೂ ಮುರಿದೋನ್ನ ನೋಡಿರ್ನಿಲ್ಲ ಕಣ್ಲಾ."

ಆಗ ಮೇಡಂ ಕೈ ಎತ್ತಿ ಮಾತಾಡಲು ಅಪ್ಪಣೆ ಕೇಳಿದರು. ಮುಗಿದ ಕೈಯನ್ನು ಅವರ ಕಡೆ ತಿರುಗಿಸಿದೆ. ಏನಾದರೂ ಒಂದು ಮಾತು, ಒಂದು ಕರುಣೆ, ಅರ್ಧ ಸೂರಿಗಾದರೂ! ಅವರು ಉತ್ಸಾಹದಿಂದ ಕೈ ಬೀಸಿ ಬೀಸಿ ಮಾತಾಡಿದರು. ಶಾಲಿನಿ ಒಂದೊಂದಾಗಿ ಹೇಳಿದಳು.

"ಮೇಡಂ ಎಷ್ಟೋ ದೇಶ ಸುತ್ತಿದಾರಂತೆ. ಒಂದು ಆಚರಣೆ ಇಷ್ಟು ಗಟ್ಟಿಯಾಗಿ ಬದುಕಿರೋದನ್ನ ಎಲ್ಲೂ ನೋಡಿಲ್ವಂತೆ. ಇದಕ್ಕೆ ಯಾರ ಅನುದಾನಾನೂ ಬೇಡ್ವಂತೆ. ನಿಮ್ಗೆಲ್ಲ ಕೈ ಮುಗೀತಾರಂತೆ."

ಊರೆಲ್ಲ ಚಪ್ಪಾಳೆ! ಶಾಲಿನಿ ನನ್ನ ಕಡೆ ನೋಡಿದಳು.

"ಇಲ್ಲಿ ಅಳಿವಿನಂಚಿನಲ್ಲಿರೋದು ಅರ್ಜಿದಾರರೊಬ್ರೇ ಅಂತಿದಾರೆ ಸರ್."

ಭೂಮಿ ಬಾಯಿ ಬಿಡಬಾರದೇ ಎನಿಸಿತು. ಕಟ್ಟು ಬಿದ್ದಿದೆ, ಭೂಮಿಯೂ ಬಾಯಿ ಬಿಡುವಂತಿಲ್ಲ!

ಇನ್ನು ದಂಡ. ದೊಡ್ಡಪ್ಪ ತಲೆಯೆತ್ತಿ ಟಾರ್ಪಾಲನ್ನು ನೋಡಿದರು. ಆಮೇಲೆ ತಲೆ ತಿರುಗಿಸಿ ನನ್ನ ಮನೆಯ ಕಡೆ ನೋಡಿದರು. ಅವರು ಏನು ನೋಡುತ್ತಿದ್ದಾರೆಂದು ನನಗೆ ತಟ್ಟನೆ ಹೊಳೆಯಿತು.

"ಮಳೆಗೆ ಮುಂಚೆ ಸೂರು ಇರುತ್ತೆ, ಅದು ನನ್ನ ಜವಾಬ್ದಾರಿ ಅಂದಿದ್ದೆ. ಹೌದಾ?"

"ಹೌದು ದೊಡ್ಡಪ್ಪ."

"ಕಾರಿನ ಶೆಡ್ಡಿನ ಹೆಂಚು ಚೆನ್ನಾಗವೆ. ಹಬ್ಬ ಮುಗುದ್ ಮ್ಯಾಲೆ ಇಳ್ಸಿ ತತ್ತಾ. ಮರಮಟ್ಟು ಊರೋರು ನೋಡ್ಕೋತಾರೆ."

ಮಾತು ಮುಗಿಯಿತು. ಅವರ ಮಾತಿಗೆ ಎರಡನೇ ಮಾತಿಲ್ಲ ಎಂದು ಮೊದಲೇ ಹೇಳಿದ್ದೆನಲ್ಲ.

ಸುಗ್ಗಿ ಮುಗಿದ ಮರುದಿನವೇ ಲೋಕೇಶನ ಪಡೆ ನನ್ನ ಶೆಡ್ಡಿನ ಮೇಲೆ ಹತ್ತಿತು. ಹೆಂಚು ಒಂದೊಂದೇ ಕೈಯಿಂದ ಕೈಗೆ ದಾಟಿ ಚಾವಡಿ ಸೇರಿತು. ಮೊಯ್ದುಕ್ಕ ಎಲ್ಲರಿಗೂ ಬಿಸಿಬಿಸಿ ವಡೆ ಕರಿದು ತಂದರು. ನನಗೆ ಕೊಡುವಾಗ ಮಾತ್ರ, "ಈಗ ತಿನ್ನಿ ಜಯಣ್ಣ, ಈಗ ತೊಂದ್ರೆ ಇಲ್ಲ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಮೊದಲ ಮಳೆ ಬಿದ್ದ ದಿನ ನಾನು ಕೊಡೆ ಹಿಡಿದು ಚಾವಡಿಗೆ ಹೋಗಿ ನಿಂತೆ. ಒಳಗೆ ಒಂದು ಹನಿಯೂ ಬಿದ್ದಿರಲಿಲ್ಲ. ದೇವರ ಪೆಟ್ಟಿಗೆ ಒಣಗಿತ್ತು, ದುಡಿ ಒಣಗಿತ್ತು. ಸುಳ್ಳು ಯಾಕೆ ಹೇಳಲಿ, ಬಹಳ ಖುಷಿಯಾಯಿತು! ಅತ್ತ ಮನೆ ಪಕ್ಕದಲ್ಲಿ ನನ್ನ ಕಾರು ಮಾತ್ರ, ಚಾವಡಿಯಿಂದ ತೆಗೆದ ಅದೇ ಟಾರ್ಪಾಲನ್ನು ಹೊದ್ದು ನೆನೆಯುತ್ತಾ ನಿಂತಿತ್ತು. ಬೋರ್ಡು ಗಿರಿಜಳ ಕೋಳಿಗೂಡಿಗೆ ಬಾಗಿಲಾಗಿದೆ. 'ಹೊರದೇಶದ ಆಸರೆ'ಯನ್ನು ಸರಿಸಿಯೇ ಕೋಳಿಗಳು ದಿನವೂ ಒಳಗೆ ಹೋಗುತ್ತವೆ.

ಇಷ್ಟಕ್ಕೆ ಮುಗಿಯಿತು ಎಂದುಕೊಂಡಿದ್ದೆ. ಮೊನ್ನೆ ಶಾಲಿನಿ ಫೋನು ಮಾಡಿದ್ದಳು. ಮೇಡಂ ಈ ಸಲದ ಸುಗ್ಗಿಗೂ ಬರುತ್ತಾರಂತೆ, ಅನುದಾನಕ್ಕಲ್ಲ, ಹಬ್ಬಕ್ಕೆ. ಸುದ್ದಿ ಕೇಳಿದ ಸಂಜೆ ದೊಡ್ಡಪ್ಪ ಕೋಲೂರಿಕೊಂಡು ನಮ್ಮನೆಗೇ ಬಂದರು. ಜಗಲಿಯ ಮೇಲೆ ಕೂತು, ಎಂದೂ ಇಲ್ಲದ ಪ್ರೀತಿಯಿಂದ ನನ್ನ ಭುಜ ತಟ್ಟಿದರು.

"ಜಯ, ಚಾವಡಿ ಹಿಂದಿನ ಜಗಲಿಗೆ ಇನ್ನೂ ಸೂರಿಲ್ಲ ಕಣ್ಲಾ."

"ಹೌದು ದೊಡ್ಡಪ್ಪ."

ದೊಡ್ಡಪ್ಪ ನಿಧಾನವಾಗಿ ತಲೆಯೆತ್ತಿ ನಮ್ಮ ಮನೆಯ ಹೆಂಚುಗಳನ್ನು ನೋಡಿದರು.

"ಈ ಸುಗ್ಗೀಲೂ ಒಂದು ಒಗ್ಗರಣೆ ಹಾಕ್ಬಿಡ್ತೀಯಾ?"

ಒಳಗೆ ಅಡುಗೆಮನೆಯಲ್ಲಿ ಡಬ್ಬಿ ಸರಿಸಿದ ಸದ್ದಾಯಿತು. ಗಿರಿಜ ಅವತ್ತು ಸಾಸಿವೆಯನ್ನು ಎಲ್ಲಿ ಅಡಗಿಸಿಟ್ಟಳೋ, ನನಗೆ ಇಂದಿನವರೆಗೂ ಸಿಕ್ಕಿಲ್ಲ.